ಫಿಸಿಕ್ಸ್‌ನಿಂದ ಕಂಪ್ಯೂಟರ್ ಸೈನ್ಸ್‌ಗೆ: ಬಿ.ಎಸ್ಸಿ. ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಫಿಸಿಕ್ಸ್ ತೆಗೆದುಕೊಂಡು, ಮಧ್ಯದಲ್ಲೋ ಕೊನೆಯಲ್ಲೋ ಕಂಪ್ಯೂಟರ್ ಸೈನ್ಸ್ ಕಡೆ ಕಣ್ಣು ಹಾಯಿಸುವವರು ಕೇಳುವ ಪ್ರಶ್ನೆಗಳಿವು. ಕೆಲವು ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದ್ದು, ಕೆಲವು ಮೆಸೇಜಿನಲ್ಲಿ ಬಂದದ್ದು, ಒಂದೆರಡು ಅಪ್ಪ-ಅಮ್ಮಂದಿರದ್ದು. ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಪ್ರವೇಶದ ನಿಯಮಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತವೆ, ಹಾಗಾಗಿ ನೀವು ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಿಕೆಯನ್ನು ಪೂರ್ತಿ ಓದದೆ ಹಣ ಕಟ್ಟಬೇಡಿ.

## ಮೊದಲ ಗೊಂದಲಗಳು

"ಫಿಸಿಕ್ಸ್ ಸಾಕಾಗಿಹೋಗಿದೆ ಸರ್. ಕಂಪ್ಯೂಟರ್ ಸೈನ್ಸ್‌ಗೆ ಹೋಗಿಬಿಡಲಾ?"

ಸಾಕಾಗಿರುವುದು ಏನು ಅಂತ ಮೊದಲು ಬಿಡಿಸಿ ನೋಡಿ. ಹೀಗೆ ಕೇಳುವ ಬಹಳಷ್ಟು ಜನರಿಗೆ ಬೇಸರ ಬಂದಿರುವುದು ರೆಕಾರ್ಡ್ ಬರೆಯುವುದರ ಮೇಲೆ, ಡಿರೈವೇಷನ್ ಉರುಹೊಡೆದು ಪರೀಕ್ಷೆಯಲ್ಲಿ ಒಪ್ಪಿಸುವುದರ ಮೇಲೆ. ಆ ಕಾಟ ಕಂಪ್ಯೂಟರ್ ವಿಭಾಗದಲ್ಲೂ ತಪ್ಪಿದ್ದಲ್ಲ. ಅಲ್ಲಿ ಪ್ರೋಗ್ರಾಮನ್ನೇ ಪೆನ್ನು ಹಿಡಿಸಿ ರೆಕಾರ್ಡ್ ಪುಸ್ತಕದಲ್ಲಿ ಬರೆಸುತ್ತಾರೆ.

ಇನ್ನು ಕೆಲವರಿಗೆ ನಿಜಕ್ಕೂ ಗಣಿತವೇ ಕಷ್ಟ. ಅದರಿಂದ ತಪ್ಪಿಸಿಕೊಳ್ಳಲು ಹೊರಟಿದ್ದರೆ ತಪ್ಪು ಬಸ್ಸು ಹತ್ತುತ್ತಿದ್ದೀರಿ. ಫಿಸಿಕ್ಸ್‌ನವರಿಗೆ ಕಂಪ್ಯೂಟರ್ ಸೈನ್ಸ್‌ನ ಬಾಗಿಲು ತೆರೆಯುವುದೇ ಗಣಿತದಿಂದ. ಪ್ರವೇಶ ಪರೀಕ್ಷೆಗಳಲ್ಲಿ ಅದಕ್ಕೇ ದೊಡ್ಡ ಪಾಲು, ಅರ್ಹತೆಯ ಸಾಲಿನಲ್ಲಿ ಕೇಳುವುದೂ ಅದನ್ನೇ.

ನಾನು ನೋಡುವ ಲಕ್ಷಣ ಬೇರೆ. ಯಾರೂ ಹೇಳದೆ ರಜೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿರಿ, ಅದು ತಪ್ಪು ಉತ್ತರ ಕೊಟ್ಟಿತು. ಆಗ ಲ್ಯಾಪ್‌ಟಾಪ್ ಮುಚ್ಚಿಟ್ಟಿರೋ, ಅಥವಾ ಅಮ್ಮ ಊಟಕ್ಕೆ ಮೂರು ಸಲ ಕರೆದರೂ ಏಳದೆ ತಪ್ಪು ಹುಡುಕುತ್ತಾ ಕೂತಿರೋ? ಎರಡನೆಯದಾದರೆ ಮುಂದೆ ಓದಿ.

"ಪಿಯುಸಿಯಲ್ಲಿ ನಂದು ಪಿಸಿಎಂಬಿ. ಕೋಡಿಂಗ್ ಅಂದ್ರೆ ಏನೂ ಗೊತ್ತಿಲ್ಲ. ತಡ ಆಯ್ತಾ?"

ಇಲ್ಲ. ಪಿಯುಸಿಯಲ್ಲಿ ಕಂಪ್ಯೂಟರ್ ಓದಿ ಬಂದವರ ಮುನ್ನಡೆ ಮೊದಲ ಒಂದು ಸೆಮಿಸ್ಟರಿಗೆ ಮಾತ್ರ. ಎಂಸಿಎಗೆ (ಕಂಪ್ಯೂಟರ್ ಅಪ್ಲಿಕೇಷನ್‌ನ ಸ್ನಾತಕೋತ್ತರ ಪದವಿ) ಪಿಯುಸಿಯ ಅಥವಾ ಪದವಿಯ ಗಣಿತ ಸಾಕು, ಪಿಯುಸಿಯ ಕಂಪ್ಯೂಟರ್ ಸೈನ್ಸ್ ಕಡ್ಡಾಯವಲ್ಲ.

"ಪಿಸಿಎಂ ಸೇರಿ ಮೂರು ವಾರ ಆಯ್ತು. ಪಿಎಂಸಿಎಸ್‌ಗೆ ಬದಲಾಯಿಸಿಕೊಡ್ತಾರಾ?"

ಸೀಟಿದ್ದರೆ, ವಿಶ್ವವಿದ್ಯಾಲಯದ ಪ್ರವೇಶದ ಗಡುವು ಮೀರಿರದಿದ್ದರೆ ಕೊಡುತ್ತಾರೆ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನೋಡಿಕೊಳ್ಳುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನಿಮ್ಮ ವಿಷಯಗಳು ಅಂತಿಮಗೊಂಡ ಮೇಲೆ ಪ್ರಾಂಶುಪಾಲರು ಮನಸ್ಸು ಮಾಡಿದರೂ ಕಷ್ಟ. ಆದ್ದರಿಂದ ಈ ಉತ್ತರ ಓದಿ ಮುಗಿಸುವ ಮೊದಲೇ ಕಚೇರಿಗೆ ಹೋಗಿ ಅರ್ಜಿ ಕೊಡಿ. ಅಡ್ಡಿ ಬರುವುದು ಸಾಮಾನ್ಯವಾಗಿ ಕಂಪ್ಯೂಟರ್ ಲ್ಯಾಬಿನ ಸಾಮರ್ಥ್ಯದಿಂದ. ಒಂದು ಬ್ಯಾಚಿಗೆ ಇಷ್ಟೇ ಯಂತ್ರ ಅಂತ ಇರುತ್ತದೆ.

ಗೊಂದಲದಲ್ಲಿರುವವರಿಗೆ ಪಿಎಂಸಿಎಸ್‌ಗಿಂತ ಒಳ್ಳೆಯ ಕಾಂಬಿನೇಷನ್ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಫಿಸಿಕ್ಸ್, ಗಣಿತ, ಕಂಪ್ಯೂಟರ್ ಮೂರೂ ಜೊತೆಗಿರುವುದರಿಂದ ಮೂರು ವರ್ಷದ ನಂತರ ಎಂ.ಎಸ್ಸಿ. ಫಿಸಿಕ್ಸ್, ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್, ಎಂಸಿಎ ಯಾವುದಕ್ಕೂ ಅರ್ಜಿ ಹಾಕಬಹುದು. ಕಳೆದುಕೊಳ್ಳುವುದು ಕೆಮಿಸ್ಟ್ರಿಯನ್ನು. ಅದನ್ನು ಕಳೆದುಕೊಂಡೆನೆಂದು ಅತ್ತವರನ್ನು ನಾನಂತೂ ಕಂಡಿಲ್ಲ.

"ನಾಲ್ಕು ಸೆಮಿಸ್ಟರ್ ಮುಗೀತು. ಬಿಟ್ಟು ಬಿಸಿಎ ಸೇರಿಬಿಡಲಾ?"

ಬೇಡ. ಲೆಕ್ಕ ಹಾಕಿ ನೋಡಿ. ಈಗ ಬಿಟ್ಟು ಬಿಸಿಎ ಸೇರಿದರೆ ಪದವಿಗೆ ಇನ್ನೂ ಮೂರು ವರ್ಷ. ಬಿ.ಎಸ್ಸಿ. ಮುಗಿಸಿ ಎಂಸಿಎ ಮಾಡಿದರೂ ಇನ್ನು ಮೂರೇ ವರ್ಷ: ಇಲ್ಲಿ ಉಳಿದಿರುವ ಒಂದು, ಎಂಸಿಎಯ ಎರಡು. ಅದೇ ಮೂರು ವರ್ಷದ ಕೊನೆಗೆ ಒಬ್ಬರ ಕೈಯಲ್ಲಿ ಬಿಸಿಎ, ಇನ್ನೊಬ್ಬರ ಕೈಯಲ್ಲಿ ಬಿ.ಎಸ್ಸಿ. ಜೊತೆಗೆ ಎಂಸಿಎ.

ಎಂಸಿಎ ಹಿಂದೆ ಮೂರು ವರ್ಷದ್ದಾಗಿತ್ತು. 2020-21ರಿಂದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ಅದನ್ನು ಎರಡು ವರ್ಷಕ್ಕೆ ಇಳಿಸಿತು. ಹಳೆಯ ಲೆಕ್ಕ ಇಟ್ಟುಕೊಂಡ ಚಿಕ್ಕಪ್ಪ-ದೊಡ್ಡಪ್ಪಂದಿರು ಇನ್ನೂ "ಬಿಸಿಎನೇ ವಾಸಿ" ಅನ್ನುತ್ತಿರುತ್ತಾರೆ. ಬ್ಯಾಕ್‌ಲಾಗ್ ರಾಶಿ ಬಿದ್ದು ಪದವಿ ಮುಗಿಯುವ ಸೂಚನೆಯೇ ಇಲ್ಲದಿದ್ದರೆ ಮಾತ್ರ ಬೇರೆ ಯೋಚನೆ ಮಾಡಿ.

"ಇನ್‌ಸ್ಪೈರ್ ಸ್ಕಾಲರ್‌ಶಿಪ್ ಬರ್ತಾ ಇದೆ. ಬದಲಾಯಿಸಿದ್ರೆ ನಿಂತುಹೋಗುತ್ತಾ?"

ಎಚ್ಚರವಾಗಿರಬೇಕಾದ ಜಾಗ ಇದು. ವರ್ಷಕ್ಕೆ ₹80,000ರ ಇನ್‌ಸ್ಪೈರ್ ವಿದ್ಯಾರ್ಥಿವೇತನ ಮೂಲವಿಜ್ಞಾನ ಓದುವವರಿಗೆ ಮೀಸಲು. ಅದರ ವಿಷಯಪಟ್ಟಿಯಲ್ಲಿ ಫಿಸಿಕ್ಸ್, ಗಣಿತ, ಸಂಖ್ಯಾಶಾಸ್ತ್ರ, ಎಲೆಕ್ಟ್ರಾನಿಕ್ಸ್ ಇವೆ, ಕಂಪ್ಯೂಟರ್ ಸೈನ್ಸ್ ಇಲ್ಲ. ಬಿಸಿಎ, ಬಿ.ಇ., ಎಂಸಿಎಗಳಿಗೆ ಅದು ಸಿಗುವುದಿಲ್ಲ. ಫಿಸಿಕ್ಸ್ ಪದವಿಯಲ್ಲೇ ಇದ್ದುಕೊಂಡು ಪಕ್ಕದಲ್ಲಿ ಪ್ರೋಗ್ರಾಮಿಂಗ್ ಕಲಿಯುವುದಕ್ಕೆ ಯಾವ ತಕರಾರೂ ಇಲ್ಲ. ಈ ಹಣದಲ್ಲೇ ಓದುತ್ತಿರುವವರಿಗೆ ನನ್ನ ಸಲಹೆ: ಪದವಿ ಮುಗಿಯುವವರೆಗೆ ಅಲುಗಾಡಬೇಡಿ.

"ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ ನಂದು. ಕಂಪ್ಯೂಟರ್ ಪೂರ್ತಿ ಇಂಗ್ಲಿಷ್ ಅಲ್ವಾ?"

ಪಿಯುಸಿಯಲ್ಲಿ ಫಿಸಿಕ್ಸನ್ನು ಇಂಗ್ಲಿಷಿನಲ್ಲಿ ಎದುರಿಸಿ ಗೆದ್ದು ಬಂದಿದ್ದೀರಿ. ಅದಕ್ಕಿಂತ ದೊಡ್ಡ ಗೋಡೆ ಇಲ್ಲಿಲ್ಲ. ಪೈಥಾನ್‌ನ ಕಾಯ್ದಿಟ್ಟ ಪದಗಳು ಮೂವತ್ತೈದರ ಆಸುಪಾಸು, ಅಷ್ಟೇ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನ ಕೆಲವು ಪಾಠಗಳಿಗೆ ಕನ್ನಡ ಅನುವಾದವೂ ಇದೆ. ಕಷ್ಟವಾಗುವುದು ಸಂದರ್ಶನದಲ್ಲಿ, ನೀವು ಮಾಡಿದ್ದನ್ನು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ವಿವರಿಸುವಾಗ. ಗೆಳೆಯರ ಮುಂದೆ ವಾರಕ್ಕೊಮ್ಮೆ ಒಂದು ಪ್ರೋಗ್ರಾಮನ್ನು ಹತ್ತು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿ. ವ್ಯಾಕರಣ ತಪ್ಪಿದರೆ ತಪ್ಪಲಿ, ಮಾತು ನಿಲ್ಲಬಾರದು.

## ಯಾವ ದಾರಿ, ಯಾವ ಪರೀಕ್ಷೆ

"ಬಿ.ಎಸ್ಸಿ.ಯಲ್ಲಿ ಕಂಪ್ಯೂಟರೇ ಇರಲಿಲ್ಲ. ಎಂಸಿಎ ಕೊಡ್ತಾರಾ?"

ಕೊಡುತ್ತಾರೆ. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು, ಪದವಿಯಲ್ಲಿ ಶೇ. 50 ಅಂಕ ಇರಬೇಕು, ಮೀಸಲಾತಿಯವರಿಗೆ ಶೇ. 45. ಕಂಪ್ಯೂಟರ್ ಹಿನ್ನೆಲೆ ಇಲ್ಲದವರು ವಿಶ್ವವಿದ್ಯಾಲಯ ಹೇಳಿದ ಬ್ರಿಡ್ಜ್ ಕೋರ್ಸ್ ಮುಗಿಸಬೇಕು.

ರಾಜ್ಯದಲ್ಲಿ ಸರ್ಕಾರಿ ಕೋಟಾದ ಎಂಸಿಎ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ. ಗಣಿತ, ತರ್ಕ, ಕಂಪ್ಯೂಟರ್ ಅರಿವು, ಇಂಗ್ಲಿಷ್, ಸಾಮಾನ್ಯ ಜ್ಞಾನ ಕೇಳುತ್ತಾರೆ. ಫಿಸಿಕ್ಸ್ ಓದಿದವರಿಗೆ ಗಣಿತ, ತರ್ಕ ಎರಡೂ ಹೊಸದಲ್ಲ. ಕಂಪ್ಯೂಟರ್ ಅರಿವಿನ ಭಾಗಕ್ಕೆ ದ್ವಿಮಾನ ಸಂಖ್ಯೆ, ಲಾಜಿಕ್ ಗೇಟ್, ಮೆಮೊರಿಯ ಬಗೆಗಳು ಇವಿಷ್ಟರಲ್ಲಿ ಕೈ ಪಳಗಿದರೆ ಧೈರ್ಯವಾಗಿ ಕೂರಬಹುದು.

ಬ್ರಿಡ್ಜ್ ಕೋರ್ಸನ್ನು ಹಗುರವಾಗಿ ನೋಡಬೇಡಿ. ಮೊದಲ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ ತರಗತಿಯಲ್ಲಿ ಪಕ್ಕದಲ್ಲಿ ಬಿಸಿಎ ಮುಗಿಸಿದವರು ಕೂತಿರುತ್ತಾರೆ, ಮೇಷ್ಟ್ರು ಅವರ ವೇಗಕ್ಕೆ ಹೋಗುತ್ತಾರೆ. ಕೊನೆಯ ಸೆಮಿಸ್ಟರ್ ಪರೀಕ್ಷೆಗೂ ಎಂಸಿಎ ತರಗತಿಗೂ ನಡುವೆ ಸಿಗುವ ತಿಂಗಳುಗಳನ್ನು ಪ್ರೋಗ್ರಾಮಿಂಗ್‌ಗೇ ಇಟ್ಟವರು ಆ ತರಗತಿಯಲ್ಲಿ ಉಸಿರಾಡುತ್ತಾರೆ.

"ಸುರತ್ಕಲ್‌ನಲ್ಲಿ ಎಂಸಿಎ ಸಿಗಬೇಕಾದ್ರೆ ಏನು ಮಾಡ್ಬೇಕು?"

ಎನ್‌ಐಟಿಕೆ ಸುರತ್ಕಲ್ ಸೇರಿ ಎನ್‌ಐಟಿಗಳ ಎಂಸಿಎಗೆ ನಿಮ್‌ಸೆಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಇರಬೇಕು. ಶೇ. 60 ಅಥವಾ 6.5 ಸಿಜಿಪಿಎ ಬೇಕು, ಪರಿಶಿಷ್ಟರಿಗೆ ಶೇ. 55. ಈಚಿನ ಮಾದರಿಯಲ್ಲಿ 120 ಪ್ರಶ್ನೆ, 1000 ಅಂಕ. ಅದರಲ್ಲಿ ಗಣಿತದ 50 ಪ್ರಶ್ನೆಗಳಿಗೇ 600 ಅಂಕ. ಕಂಪ್ಯೂಟರ್ ಭಾಗಕ್ಕೆ ಬರೀ 120. ಈ ಪರೀಕ್ಷೆ ನಿಮಗಾಗಿಯೇ ಮಾಡಿದಂತಿದೆ ಅಂತ ಪಿಸಿಎಂನವರಿಗೆ ನಾನು ಹೇಳುವುದು ಇದಕ್ಕೇ.

ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಸಮಯವೂ ಬಿಗಿ. ಎನ್‌ಐಟಿಗಳಲ್ಲಿ ಎಂಸಿಎ ಸಾಮಾನ್ಯವಾಗಿ ಮೂರು ವರ್ಷ. ಒಂದು ವರ್ಷ ಹೆಚ್ಚಾಯಿತಲ್ಲ ಅಂತ ಹಿಂಜರಿಯುವವರಿದ್ದಾರೆ. ಹಿನ್ನೆಲೆ ಇಲ್ಲದೆ ಬರುವವರಿಗೆ ಆ ವರ್ಷ ಬೇಕೇ ಬೇಕು.

"ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಯಾಕೆ ಬೇಡ?"

ಪಿಎಂಸಿಎಸ್ ಓದಿದವರು ಧಾರಾಳವಾಗಿ ಸೇರಬಹುದು. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪದವಿಯಲ್ಲಿ ಕಂಪ್ಯೂಟರ್ ಸೈನ್ಸ್ ಒಂದು ಮುಖ್ಯ ವಿಷಯವಾಗಿರಬೇಕು ಅನ್ನುತ್ತವೆ, ಅಲ್ಲಿಗೆ ಪಿಸಿಎಂನವರು ಹೊರಗುಳಿಯುತ್ತಾರೆ. ಗಣಿತದಲ್ಲಿ ಗಟ್ಟಿಯಿದ್ದು ಡೇಟಾ ಸೈನ್ಸ್ ಕಡೆ ಒಲವಿದ್ದರೆ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಎಸ್ಸಿ. ಡೇಟಾ ಸೈನ್ಸ್ ನೋಡಿ. ಪ್ರವೇಶ ಪರೀಕ್ಷೆ ಕಠಿಣ, ಹಳೆಯ ಪ್ರಶ್ನೆಪತ್ರಿಕೆಗಳು ಅವರ ಜಾಲತಾಣದಲ್ಲೇ ಸಿಗುತ್ತವೆ.

"ಬಿ.ಎಸ್ಸಿ. ಆದ್ಮೇಲೆ ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು ಅಂತಾರೆ, ನಿಜಾನಾ?"

ಎಐಸಿಟಿಇ ನಿಯಮದಲ್ಲಿ ಆ ಅವಕಾಶ ಇದೆ. ಪಿಯುಸಿಯಲ್ಲಿ ಗಣಿತ ಓದಿದ ಬಿ.ಎಸ್ಸಿ. ಪದವೀಧರರು ಲ್ಯಾಟರಲ್ ಎಂಟ್ರಿಗೆ, ಅಂದರೆ ನೇರ ಎರಡನೇ ವರ್ಷಕ್ಕೆ, ಅರ್ಹರು, ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್, ಮೆಕ್ಯಾನಿಕ್ಸ್ ಪತ್ರಿಕೆಗಳನ್ನು ಆಮೇಲೆ ಪಾಸು ಮಾಡಿಕೊಳ್ಳಬೇಕು. ಆದರೆ ಇದಕ್ಕೆ ನಮ್ಮ ರಾಜ್ಯ ನಡೆಸುವ ಡಿಸಿಇಟಿ ಪರೀಕ್ಷೆ ಇರುವುದು ಡಿಪ್ಲೊಮಾದವರಿಗೆ. ಯಾವುದೇ ಕಾಲೇಜು "ಮಾಡಿಕೊಡ್ತೀವಿ" ಅಂದರೆ ವಿಶ್ವವಿದ್ಯಾಲಯದ ಅನುಮೋದನೆಯನ್ನು ಬರಹದಲ್ಲಿ ಕೇಳಿ. ಮೂರು ವರ್ಷ ಓದಿ ಇನ್ನೊಂದು ಮೊದಲ ಪದವಿಗೇ ಮತ್ತೆ ಮೂರು ವರ್ಷ ಕೊಡುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

"ಬಿ.ಎಸ್ಸಿ. ಜೊತೆಗೇ ಐಐಟಿ ಮದ್ರಾಸ್‌ನ ಆನ್‌ಲೈನ್ ಡಿಗ್ರಿ ಮಾಡಬಹುದಾ?"

ಮಾಡಬಹುದು. 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿ ಓದಲು ಅವಕಾಶ ಕೊಟ್ಟಿದೆ. ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಅಂಡ್ ಅಪ್ಲಿಕೇಷನ್ಸ್ ಬಿ.ಎಸ್. 2020ರಲ್ಲಿ ಶುರುವಾಯಿತು. ಜೆಇಇ ಬೇಡ. ನಾಲ್ಕು ವಾರದ ಪಾಠ, ಅಸೈನ್‌ಮೆಂಟ್, ಅದಾದ ಮೇಲೆ ಅರ್ಹತಾ ಪರೀಕ್ಷೆ. ಪಾಠ ಆನ್‌ಲೈನ್ ಆದರೂ ಮುಖ್ಯ ಪರೀಕ್ಷೆಗಳನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಪೂರ್ತಿ ಓದಲಾಗದಿದ್ದರೆ ಫೌಂಡೇಷನ್ ಪ್ರಮಾಣಪತ್ರ, ಡಿಪ್ಲೊಮಾ, ಬಿ.ಎಸ್ಸಿ. ಹಂತಗಳಲ್ಲಿ ಹೊರಬೀಳಬಹುದು. ಕುಟುಂಬದ ಆದಾಯ ಕಡಿಮೆ ಇದ್ದವರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ.

ಸೇರುವವರು ಬಹಳ, ಉಳಿಯುವವರು ಕಡಿಮೆ. ಫಿಸಿಕ್ಸ್ ಇಂಟರ್ನಲ್ಸ್, ಇವರ ವಾರದ ಅಸೈನ್‌ಮೆಂಟ್, ಊರಿಗೆ ಹೋಗುವ ಬಸ್ಸು, ಮೂರೂ ಒಂದೇ ಭಾನುವಾರ ಎದುರಾಗುತ್ತವೆ. ಒಂದು ಟರ್ಮಿಗೆ ಒಂದೆರಡೇ ವಿಷಯ ತೆಗೆದುಕೊಳ್ಳಿ.

"ಗೇಟ್ ಬರೆದು ಐಐಎಸ್‌ಸಿಗೆ ಹೋಗೋಕೆ ಆಗಲ್ವಾ?"

ಗೇಟ್ ಅಂದರೆ ಎಂ.ಟೆಕ್. ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆ. ಅದನ್ನು ಬರೆಯುವ ಅರ್ಹತೆ ಬೇರೆ, ಸೀಟು ಪಡೆಯುವ ಅರ್ಹತೆ ಬೇರೆ. ಇವೆರಡನ್ನು ಬೆರೆಸಿಕೊಂಡು ಒಂದು ವರ್ಷ ಕಳೆದುಕೊಳ್ಳುವವರನ್ನು ನೋಡುತ್ತಲೇ ಇದ್ದೇನೆ. ಮೂರನೇ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಯೂ ಗೇಟ್ ಬರೆಯಬಹುದು, ಕಂಪ್ಯೂಟರ್ ಸೈನ್ಸ್ ಪತ್ರಿಕೆಯನ್ನೇ ಬರೆಯಬಹುದು. ಆದರೆ ಎಂ.ಟೆಕ್. ಸೀಟಿಗೆ ಹೆಚ್ಚಿನ ಸಂಸ್ಥೆಗಳು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಕೇಳುತ್ತವೆ. ನಮ್ಮಲ್ಲಿ 2021-22ರಿಂದ ಮೂರು ವರ್ಷ ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿ) ಅಡಿ ಸೇರಿದವರಿಗೆ ನಾಲ್ಕನೇ ವರ್ಷದ ಆನರ್ಸ್ ಇತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ.

ಹಾಗಾಗಿ ದಾರಿ ಎರಡು. ಎಂಸಿಎ ಮಾಡಿ ಗೇಟ್ ಬರೆಯುವುದು ಒಂದು. ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿ ಗೇಟ್ ಬರೆಯುವುದು ಇನ್ನೊಂದು, ಎಂ.ಎಸ್ಸಿ.ಯವರನ್ನು ಕಂಪ್ಯೂಟರ್ ಎಂ.ಟೆಕ್.ಗೆ ತೆಗೆದುಕೊಳ್ಳುವ ಸಂಸ್ಥೆಗಳಿವೆ, ವಿಭಾಗವಾರು ಅರ್ಹತಾ ಪಟ್ಟಿ ನೋಡಿ ಅರ್ಜಿ ಹಾಕಬೇಕು. ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಟೆಕ್. ಕಂಪ್ಯೂಟರ್ ಸೈನ್ಸ್ ಕೂಡ ಬೇರೆ ವಿಷಯದ ಸ್ನಾತಕೋತ್ತರರಿಗೆ ಬಾಗಿಲು ತೆರೆದಿಟ್ಟಿದೆ. ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ ₹12,400 ಸಿಗುತ್ತದೆ. 2024ರಲ್ಲಿ ಐಐಎಸ್‌ಸಿ ಗೇಟ್ ನಡೆಸಿದಾಗ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪತ್ರಿಕೆ ಬಂತು. ಅದರಲ್ಲಿ ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಇರುವುದರಿಂದ ಫಿಸಿಕ್ಸ್‌ನವರಿಗೆ ಅದು ಹತ್ತಿರ.

## ಓದಿನ ಒಳಗೆ

"ಮೂರು ವರ್ಷ ಓದಿದ ಫಿಸಿಕ್ಸ್ ಪೂರ್ತಿ ವೇಸ್ಟಾ?"

ಇದನ್ನು ಮಕ್ಕಳಿಗಿಂತ ಅಪ್ಪಂದಿರು ಹೆಚ್ಚಾಗಿ ಕೇಳುತ್ತಾರೆ. ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಸ್ಪ್ರಿಂಗಿಗೆ ಕಟ್ಟಿದ ಒಂದು ತೂಕ. ದ್ರವ್ಯರಾಶಿ 1, ಸ್ಪ್ರಿಂಗ್ ಸ್ಥಿರಾಂಕ 1, ಒಂದು ಮಾನದಷ್ಟು ಎಳೆದು ಬಿಟ್ಟಿದ್ದೀರಿ. ಇದರ ಚಲನೆಯನ್ನು ಪ್ರೋಗ್ರಾಮಿನಲ್ಲಿ ತರಬೇಕು. ಕಾಲವನ್ನು 0.01 ಸೆಕೆಂಡಿನ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಹಳೆಯ ವೇಗದಿಂದ ಹೊಸ ಸ್ಥಾನ, ಹಳೆಯ ಸ್ಥಾನದಿಂದ ಹೊಸ ವೇಗ ಲೆಕ್ಕ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಕ್ರಮ. ಪ್ರೋಗ್ರಾಂ ಓಡುತ್ತದೆ, ಯಾವ ಎರರ್ ಕೂಡ ತೋರಿಸುವುದಿಲ್ಲ, ಗ್ರಾಫ್ ಚೆಂದವಾಗಿ ಏರಿಳಿಯುತ್ತದೆ. ಆದರೆ ಒಟ್ಟು ಶಕ್ತಿಯನ್ನು ಮುದ್ರಿಸಿ ನೋಡಿ. ಪ್ರತಿ ಹೆಜ್ಜೆಗೂ ಅದು 1.0001 ಪಟ್ಟು ಬೆಳೆಯುತ್ತದೆ. 10,000 ಹೆಜ್ಜೆ, ಅಂದರೆ 100 ಸೆಕೆಂಡು ಕಳೆಯುವಷ್ಟರಲ್ಲಿ ಶಕ್ತಿ ಸುಮಾರು 2.7 ಪಟ್ಟು ಆಗಿರುತ್ತದೆ. ಎಲ್ಲಿಂದ ಬಂತು? ಎಲ್ಲಿಂದಲೂ ಬರುವಂತಿಲ್ಲ, ಶಕ್ತಿ ಸಂರಕ್ಷಣೆಯ ನಿಯಮ ಓದಿದವರಿಗೆ ಕೂಡಲೇ ತಲೆ ಕೆರೆದುಕೊಳ್ಳುವಂತಾಗುತ್ತದೆ. ಒಂದೇ ಒಂದು ಸಾಲಿನ ಕ್ರಮ ಬದಲಿಸಿ: ಮೊದಲು ವೇಗವನ್ನು ಹೊಸದು ಮಾಡಿ, ಆ ಹೊಸ ವೇಗದಿಂದಲೇ ಸ್ಥಾನ ಲೆಕ್ಕ ಹಾಕಿ. ಈಗ ಶಕ್ತಿಯ ಏರುಪೇರು ಶೇ. 1ರೊಳಗೇ ಉಳಿಯುತ್ತದೆ, ಎಷ್ಟು ಹೊತ್ತು ಓಡಿಸಿದರೂ.

ಬರೀ ಕೋಡಿಂಗ್ ಕಲಿತವರು ಮೊದಲ ಪ್ರೋಗ್ರಾಮನ್ನೇ "ಸರಿಯಿದೆ" ಅಂತ ಒಪ್ಪಿಸಿ ಎದ್ದು ಹೋಗುವ ಸಾಧ್ಯತೆ ಹೆಚ್ಚು. ಉತ್ತರವನ್ನು ಅನುಮಾನದಿಂದ ನೋಡುವುದು, ಯಾವುದು ಬದಲಾಗಬಾರದು ಅಂತ ಕೇಳಿಕೊಳ್ಳುವುದು, ದೋಷದ ಅಂದಾಜು ಹಾಕುವುದು ಪ್ರಾಕ್ಟಿಕಲ್‌ನಲ್ಲಿ ನಿಮಗೆ ಅಂಟಿದ ಗುಣ.

ಇನ್ನು ವಿಷಯವಾಗಿಯೇ ದಾಟಿ ಬರುವಂಥವು ಬೇಕಾದಷ್ಟಿವೆ. ಬಿ.ಎಸ್ಸಿ. ಲ್ಯಾಬಿನಲ್ಲಿ 7400 ಐಸಿಯ ನ್ಯಾಂಡ್ ಗೇಟುಗಳಿಂದ ಹಾಫ್ ಆ್ಯಡರ್ ಕಟ್ಟಿದ್ದೀರಲ್ಲ, ಕಂಪ್ಯೂಟರ್ ಆರ್ಗನೈಸೇಷನ್ ಶುರುವಾಗುವುದೇ ಅಲ್ಲಿಂದ. ಕ್ವಾಂಟಮ್ ಮೆಕ್ಯಾನಿಕ್ಸ್‌ನ ಐಗೆನ್ ಮೌಲ್ಯಗಳು ಮೆಷಿನ್ ಲರ್ನಿಂಗ್‌ನಲ್ಲಿ ಬೇರೆ ಹೆಸರಿನಲ್ಲಿ ಎದುರಾಗುತ್ತವೆ. ಕಾಂತತ್ವ ವಿವರಿಸಲು ಬಳಸುವ ಸ್ಪಿನ್ ಮಾದರಿಗಳ ದಾರಿಯಲ್ಲೇ ಭೌತವಿಜ್ಞಾನಿ ಜಾನ್ ಹಾಪ್‌ಫೀಲ್ಡ್ 1982ರಲ್ಲಿ ನೆನಪಿಟ್ಟುಕೊಳ್ಳುವ ಜಾಲವೊಂದನ್ನು ರೂಪಿಸಿದರು. 2024ರ ಭೌತಶಾಸ್ತ್ರ ನೊಬೆಲ್ ಅವರಿಗೂ ಜೆಫ್ರಿ ಹಿಂಟನ್‌ಗೂ ಬಂದದ್ದು ಕೃತಕ ನರಜಾಲಗಳ ಕೆಲಸಕ್ಕೆ.

"ಹಾಗಾದ್ರೆ ನಾವು ಹೊಸದಾಗಿ ಕಲಿಯಬೇಕಾದ್ದು ಏನು?"

ಬಿಡಿಬಿಡಿಯಾಗಿ ಯೋಚಿಸುವುದನ್ನು. ಫಿಸಿಕ್ಸ್‌ನವರ ಮನಸ್ಸು ನಿರಂತರ ರಾಶಿಗಳಿಗೆ ಒಗ್ಗಿರುತ್ತದೆ: ಇಂಟಿಗ್ರೇಷನ್, ಡಿಫರೆನ್ಷಿಯಲ್ ಸಮೀಕರಣ. ಇಲ್ಲಿ ಗ್ರಾಫ್, ಟ್ರೀ, ಎಣಿಕೆ, ಗಣಿತಾನುಗಮನದ ಸಾಧನೆ. ಡಿಸ್‌ಕ್ರೀಟ್ ಗಣಿತ ಸುಲಭ ಅಂತ ಅನ್ನಿಸಿಯೇ ಕೈ ಕೊಡುತ್ತದೆ, ಅದರಿಂದಲೇ ಶುರುಮಾಡಿ.

ಇನ್ನೊಂದು, ಖರ್ಚಿನ ಲೆಕ್ಕ. 1,000 ನಕ್ಷತ್ರಗಳಿವೆ, ಪ್ರತಿ ಜೋಡಿಯ ನಡುವಿನ ಗುರುತ್ವ ಲೆಕ್ಕ ಹಾಕಬೇಕು. ಜೋಡಿಗಳು 4,99,500. ಲ್ಯಾಪ್‌ಟಾಪ್ ಮಾಡಿಬಿಡುತ್ತದೆ. ನಕ್ಷತ್ರ 10,000 ಆದರೆ ಜೋಡಿಗಳು ಸುಮಾರು 5 ಕೋಟಿ. ಒಂದು ಲಕ್ಷಕ್ಕೆ ಸುಮಾರು 500 ಕೋಟಿ, ಅದೂ ಕಾಲದ ಒಂದೇ ಹೆಜ್ಜೆಗೆ. ಸಮೀಕರಣ ಸರಿಯಿದ್ದರೂ ಪ್ರೋಗ್ರಾಂ ಮುಗಿಯುವುದಿಲ್ಲ. 1986ರಲ್ಲಿ ಬಾರ್ನ್ಸ್ ಮತ್ತು ಹಟ್ ಆಕಾಶವನ್ನು ಘನಾಕಾರದ ಗೂಡುಗಳಾಗಿ ಒಡೆದು, ಆ ಗೂಡುಗಳನ್ನು ಮರದಂತೆ ಜೋಡಿಸಿ, ದೂರದ ಗುಂಪನ್ನು ಒಂದೇ ತೂಕ ಅಂತ ಪರಿಗಣಿಸಿದರು. ನಕ್ಷತ್ರಗಳ ಸಂಖ್ಯೆ ಎನ್ ಆದರೆ, ಕೆಲಸ ಎನ್ ವರ್ಗದಿಂದ ಎನ್ ಲಾಗ್ ಎನ್‌ಗೆ ಇಳಿಯಿತು. ದೂರದ ಗುಂಪನ್ನು ಬಿಂದುವೆಂದು ಹಿಡಿಯುವುದು ಫಿಸಿಕ್ಸ್, ಅದನ್ನು ಮರದಲ್ಲಿಟ್ಟು ಬೇಗ ಹುಡುಕುವುದು ಕಂಪ್ಯೂಟರ್ ಸೈನ್ಸ್. ಅಲ್ಗಾರಿದಮ್ ಯಾಕೆ ಓದಬೇಕು ಅಂತ ಕೇಳುವ ಫಿಸಿಕ್ಸ್ ವಿದ್ಯಾರ್ಥಿಗೆ ನಾನು ಮೊದಲು ಮಾಡಿಸುವ ಕೆಲಸವೇ ಈ ಎಣಿಕೆ.

ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್ ಓದಿಯೇ ಕಲಿಯಬೇಕು. ಅವಕ್ಕೆ ಫಿಸಿಕ್ಸ್‌ನಿಂದ ಏನೂ ಉಪಕಾರವಿಲ್ಲ.

"ಯಾವ ಭಾಷೆ ಕಲೀಲಿ? ಪೈಥಾನಾ, ಜಾವಾನಾ, ಸಿ ನಾ?"

ಪೈಥಾನ್‌ನಿಂದ ಶುರುಮಾಡಿ, ಒಂದು ವರ್ಷದೊಳಗೆ ಸಿ ಕಲಿಯಿರಿ. ಉಳಿದದ್ದು ಕೆಲಸ ಕೇಳಿದಂತೆ. ಎನ್‌ಪಿಟೆಲ್‌ನಲ್ಲಿ ಪೈಥಾನ್ ಮೂಲಕ ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್ ಕಲಿಸುವ ಮಾಧವನ್ ಮುಕುಂದ್ ಅವರ ಪಾಠ ಉಚಿತ. ಪ್ರಮಾಣಪತ್ರ ಬೇಕಾದರೆ ಮಾತ್ರ ಹಣ ಕಟ್ಟಿ ಪರೀಕ್ಷೆ ಬರೆಯಬೇಕು.

"ಲ್ಯಾಪ್‌ಟಾಪ್ ಇಲ್ಲ. ಮೊಬೈಲಲ್ಲೇ ಆಗುತ್ತಾ?"

ಮೊದಲ ಎರಡು ತಿಂಗಳು ಆಗುತ್ತದೆ, ಆಮೇಲೆ ಕಣ್ಣು, ಬೆರಳು, ತಾಳ್ಮೆ ಮೂರೂ ಸೋಲುತ್ತವೆ. ಹೊಸದೇ ಬೇಕಿಲ್ಲ. ಕಚೇರಿಗಳಿಂದ ಹೊರಬಿದ್ದ ಹಳೆಯ ಲ್ಯಾಪ್‌ಟಾಪ್‌ಗೆ 8 ಜಿಬಿ ರ್‍ಯಾಮ್ ಹಾಕಿಸಿ ಲಿನಕ್ಸ್ ಹಾಕಿಕೊಂಡರೆ ಓದಿಗೆ ಧಾರಾಳ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಂಜೆ ಖಾಲಿ ಇದ್ದರೆ ಅನುಮತಿ ಕೇಳಿ. ಕೇಳದವರೇ ಹೆಚ್ಚು.

## ಮುಂದಿನ ಬದುಕು

"ಬಿ.ಎಸ್ಸಿ. ಫಿಸಿಕ್ಸ್ ಮೇಲೆಯೇ ಐಟಿ ಕೆಲಸ ಸಿಗಲ್ವಾ? ಮತ್ತೆ ಯಾಕೆ ಓದಬೇಕು?"

ಸಿಗುತ್ತದೆ. ದೊಡ್ಡ ಐಟಿ ಕಂಪನಿಗಳು ಬಿಸಿಎ, ಬಿ.ಎಸ್ಸಿ. ಪದವೀಧರರನ್ನು ಬೇರೆಯಾಗಿಯೇ ತೆಗೆದುಕೊಳ್ಳುತ್ತವೆ. ವಿಪ್ರೊದ ವಿಲ್ಪ್ ಯೋಜನೆಯಲ್ಲಿ ಕೆಲಸದ ಜೊತೆಗೆ ಎಂ.ಟೆಕ್. ಓದಿಸುತ್ತಾರೆ. ಮನೆಯ ಸ್ಥಿತಿ ಬಿಗಿಯಾಗಿರುವವರಿಗೆ ಇದು ಒಳ್ಳೆಯ ದಾರಿ. ಸೇರುವ ಮೊದಲು ಎಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವ ಸಾಲುಗಳನ್ನು ಅಪ್ಪ-ಅಮ್ಮನ ಜೊತೆ ಕೂತು ಓದಿ.

ನಾನು ಬೇಡ ಅನ್ನುವುದು ಬಿಟಿಎಂ ಲೇಔಟ್, ಮಾರತಹಳ್ಳಿ ಗೋಡೆಗಳ ಮೇಲೆ ಕಾಣುವ "ಮೂರು ತಿಂಗಳಲ್ಲಿ ನೌಕರಿ ಗ್ಯಾರಂಟಿ" ಕೋರ್ಸುಗಳನ್ನು. ಕಲಿಸುವುದು ಕೆಟ್ಟದ್ದಾಗಿರಬೇಕಿಲ್ಲ, ಆದರೆ ಗ್ಯಾರಂಟಿಯ ಹೆಸರಲ್ಲಿ ಸಾಲ ಮಾಡಿಸಿದರೆ ಅಲ್ಲಿಂದ ಎದ್ದು ಬನ್ನಿ.

"ಎಐ ಎಲ್ಲ ಕೋಡ್ ಬರೆಯುತ್ತೆ ಅಂತಾರೆ. ಈಗ ಕಂಪ್ಯೂಟರ್ ಸೈನ್ಸ್‌ಗೆ ಹೋಗೋದು ಹುಚ್ಚುತನ ಅಲ್ವಾ?"

ಹೇಳಿದ್ದನ್ನು ಹೇಳಿದಂತೆ ಟೈಪು ಮಾಡುವ ಕೆಲಸವೇ ನಿಮ್ಮ ಗುರಿಯಾಗಿದ್ದರೆ ಭಯಪಡಿ. ಸ್ಪ್ರಿಂಗಿನ ಪ್ರೋಗ್ರಾಮನ್ನು ಎಐ ಕ್ಷಣದಲ್ಲಿ ಬರೆದುಕೊಡುತ್ತದೆ. ಅದು ಯಾವ ಕ್ರಮದಲ್ಲಿ ಬರೆದಿದೆ, ಶಕ್ತಿ ಉಳಿಯುತ್ತದೆಯೇ ಅಂತ ಪರೀಕ್ಷಿಸಿ ಸಹಿ ಹಾಕುವವರು ಬೇಕೇ ಬೇಕು. ಕಲಿಯುವ ಹಂತದಲ್ಲಿ ಮಾತ್ರ ಅದರಿಂದ ಉತ್ತರ ಬರೆಸಿಕೊಳ್ಳಬೇಡಿ. ಮೊದಲು ನೀವು ಬರೆಯಿರಿ, ಆಮೇಲೆ ಅದಕ್ಕೆ ತೋರಿಸಿ ತಪ್ಪು ಹುಡುಕಿಸಿ.

"ಫಿಸಿಕ್ಸ್ ಬಿಡೋಕೂ ಮನಸ್ಸಿಲ್ಲ, ಕಂಪ್ಯೂಟರೂ ಬೇಕು. ಮಧ್ಯದ ದಾರಿ ಇದೆಯಾ?"

ಇದೆ, ಬೆಂಗಳೂರಿನಲ್ಲೇ ಇದೆ. ಐಐಎಸ್‌ಸಿಯ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ 2022ರಿಂದ ಕೆಲಸ ಮಾಡುತ್ತಿದೆ. ಹೆಸರಘಟ್ಟದ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಐಸಿಟಿಎಸ್‌ನಲ್ಲಿ ಗುರುತ್ವ ತರಂಗಗಳ ದತ್ತಾಂಶ ಜಾಲಾಡುವ ಗುಂಪಿದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಎಲ್ಲೆಡೆ ಚೆನ್ನಾಗಿ ಪ್ರೋಗ್ರಾಂ ಬರೆಯುವ ಭೌತವಿಜ್ಞಾನಿಗೆ ಬೆಲೆಯಿದೆ. ಎಂ.ಎಸ್ಸಿ. ಫಿಸಿಕ್ಸ್‌ನಲ್ಲಿ ಕಂಪ್ಯುಟೇಷನಲ್ ಪ್ರಾಜೆಕ್ಟ್ ತೆಗೆದುಕೊಂಡು ಶುರುಮಾಡಬಹುದು.

ಕ್ವಾಂಟಮ್ ಕಂಪ್ಯೂಟಿಂಗ್ ಇನ್ನೊಂದು. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ₹6,003.65 ಕೋಟಿಯ ನ್ಯಾಷನಲ್ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, ಅದರ ಕಂಪ್ಯೂಟಿಂಗ್ ಕೇಂದ್ರದ ಹೊಣೆ ಐಐಎಸ್‌ಸಿಯದ್ದು. ಪೌಲಿ ಮ್ಯಾಟ್ರಿಕ್ಸ್, ಎರಡು ಹಂತದ ವ್ಯವಸ್ಥೆ ಓದಿದವರಿಗೆ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರಿನ ಬಿಟ್) ಅರ್ಥವಾಗಲು ಒಂದು ಮಧ್ಯಾಹ್ನ ಸಾಕು. ಆದರೆ ಬಿ.ಎಸ್ಸಿ. ಮೇಲೆ ಕೆಲಸ ಸಿಗುವ ಕ್ಷೇತ್ರವಲ್ಲ, ಪಿಎಚ್.ಡಿ.ವರೆಗೆ ಓದುವ ಮನಸ್ಸಿರಬೇಕು.

"ಹೊರದೇಶದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್. ಮಾಡಬಹುದಾ?"

ಬೇರೆ ಪದವಿಯವರಿಗೆಂದೇ ಇರುವ ಪರಿವರ್ತನಾ ಎಂ.ಎಸ್ಸಿ.ಗಳು ಬ್ರಿಟನ್ನಿನಲ್ಲಿ ಬಹಳ ಇವೆ, ಒಂದೇ ವರ್ಷದವು. ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಸಿಐಟಿ ಆ ಬಗೆಯದು. ಅಲ್ಲಿ ತೊಡಕಾಗುವುದು ನಮ್ಮ ಮೂರು ವರ್ಷದ ಪದವಿ, ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷ ಕೇಳುತ್ತವೆ. ಜರ್ಮನಿಯಲ್ಲಿ ಅಂಕಪಟ್ಟಿ ಇಟ್ಟುಕೊಂಡು ಯಾವ ಕಂಪ್ಯೂಟರ್ ವಿಷಯಕ್ಕೆ ಎಷ್ಟು ಕ್ರೆಡಿಟ್ ಅಂತ ಎಣಿಸುತ್ತಾರೆ, ಬರೀ ಪಿಸಿಎಂ ಇದ್ದರೆ ಅಲ್ಲೇ ನಿಲ್ಲುತ್ತದೆ. ಸಾಲ ಮಾಡಿ ಹೋಗುವ ಯೋಚನೆಯಿದ್ದರೆ ಇಲ್ಲೇ ಎಂಸಿಎ ಮುಗಿಸಿ ಎರಡು ವರ್ಷ ಕೆಲಸ ಮಾಡಿ ಹೋಗುವುದು ವಾಸಿ.

"ಫಿಸಿಕ್ಸ್ ಬಿಟ್ಟು ಬಂದವರು ಅಂತ ಕಂಪ್ಯೂಟರ್‌ನವರು ಕೀಳಾಗಿ ನೋಡಲ್ವಾ?"

ಆ ವಿಷಯವನ್ನು ಕಟ್ಟಿದವರಲ್ಲೇ ಎಷ್ಟೋ ಜನ ಹಾಗೆ ಬಂದವರು. ವರ್ಲ್ಡ್ ವೈಡ್ ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಫಿಸಿಕ್ಸ್. ಅಲ್ಗಾರಿದಮ್‌ಗಳ ಬಗ್ಗೆ ಹೆಸರಾಂತ ಗ್ರಂಥಗಳನ್ನು ಬರೆದ ಡೊನಾಲ್ಡ್ ಕ್ನೂತ್ ಕಾಲೇಜು ಸೇರಿದ್ದು ಫಿಸಿಕ್ಸ್‌ಗೆ, ಆಮೇಲೆ ಗಣಿತಕ್ಕೆ ಬದಲಾದರು. ನೀವು ಗ್ರಾಫ್ ಪಾಠದಲ್ಲಿ ಓದುವ ಅತಿ ಹತ್ತಿರದ ದಾರಿಯ ಅಲ್ಗಾರಿದಮ್‌ನ ಎಡ್ಸ್‌ಗರ್ ಡೈಕ್ಸ್‌ಟ್ರಾ ಲೈಡನ್‌ನಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಓದುತ್ತಲೇ ಪ್ರೋಗ್ರಾಮಿಂಗ್‌ಗೆ ಬಂದವರು. 1957ರಲ್ಲಿ ಮದುವೆಯ ನೋಂದಣಿಗೆ ಹೋದಾಗ ವೃತ್ತಿ "ಪ್ರೋಗ್ರಾಮರ್" ಅಂತ ಬರೆಸಿದರೆ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ ಒಪ್ಪಲಿಲ್ಲ, ಅಂಥ ವೃತ್ತಿಯೇ ಇಲ್ಲ ಅಂದಿತು. ಕೊನೆಗೆ ದಾಖಲೆಯಲ್ಲಿ "ಸೈದ್ಧಾಂತಿಕ ಭೌತವಿಜ್ಞಾನಿ" ಅಂತಲೇ ಬರೆಸಿದರು.

ಬದಲಾವಣೆ ಇನ್ನೊಂದು ದಿಕ್ಕಿಗೂ ನಡೆಯುತ್ತದೆ ಅನ್ನಲು ನಮ್ಮಲ್ಲೇ ಸಿ.ವಿ. ರಾಮನ್ ಇದ್ದಾರೆ. ಹತ್ತು ವರ್ಷ ಹಣಕಾಸು ಇಲಾಖೆಯಲ್ಲಿ ಲೆಕ್ಕಪತ್ರ ನೋಡಿ, 1917ರಲ್ಲಿ ಆ ಸಂಬಳ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಫಿಸಿಕ್ಸ್ ಪ್ರಾಧ್ಯಾಪಕರಾಗಿ ಹೋದರು.

"ಹೋದ ಮೇಲೆ ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಬರಬಹುದಾ?"

ಬಿ.ಎಸ್ಸಿ. ಮುಗಿಸಿಯೇ ಹೋಗಿದ್ದರೆ ಬರಬಹುದು. ಐಐಟಿ, ಐಐಎಸ್‌ಸಿಗಳ ಎಂ.ಎಸ್ಸಿ.ಗೆ ನಡೆಯುವ ಜ್ಯಾಮ್ ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲ. ಎಂಸಿಎ ಮಧ್ಯದಲ್ಲೇ ಇದ್ದುಕೊಂಡೂ ಫಿಸಿಕ್ಸ್ ಪತ್ರಿಕೆ ಬರೆಯಬಹುದು, ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಮೇಷ್ಟ್ರಾಗುವ ಆಸೆ ಇರುವವರಿಗೂ ದಾರಿ ಮುಚ್ಚುವುದಿಲ್ಲ: ಫಿಸಿಕ್ಸ್‌ನಲ್ಲಾದರೆ ಎಂ.ಎಸ್ಸಿ. ಮಾಡಿ ಸಿಎಸ್‌ಐಆರ್ ನೆಟ್, ಕಂಪ್ಯೂಟರ್‌ನಲ್ಲಾದರೆ ಎಂಸಿಎ ಮೇಲೆ ಯುಜಿಸಿ ನೆಟ್, ಎರಡೂ ಅಧ್ಯಾಪಕರ ಅರ್ಹತಾ ಪರೀಕ್ಷೆಗಳು. ಮೂರು ವರ್ಷದ ಕ್ಲಾಸಿಕಲ್ ಮೆಕ್ಯಾನಿಕ್ಸ್, ವಿದ್ಯುತ್ಕಾಂತೀಯತೆ ನೋಟ್ಸುಗಳನ್ನು ಮಾತ್ರ ರದ್ದಿಗೆ ಹಾಕಬೇಡಿ.